ಚನ್ನಗಿರಿಯ ಧೋಂಡಿಯಾ ವಾಘನಿಗೆ ಪ್ರತಿಮೆ ಬೇಡ, ಸರಿಯಾಗಿ ಬರೆದ ಕಲ್ಲು ಬೇಕು: ದಾವಣಗೆರೆ ಜಿಲ್ಲಾಡಳಿತಕ್ಕೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು, ದಾವಣಗೆರೆ ಜಿಲ್ಲೆ

ಪ್ರತಿ: ಪ್ರವಾಸೋದ್ಯಮ, ಪುರಾತತ್ವ, ಕನ್ನಡ ಮತ್ತು ಸಂಸ್ಕೃತಿ ಇಲಾಖೆಗಳ ಅಧಿಕಾರಿಗಳಿಗೆ ಹಾಗೂ ಚನ್ನಗಿರಿ, ಹೊನ್ನಾಳಿ, ಹರಿಹರ ತಾಲ್ಲೂಕುಗಳ ನಾಗರಿಕರಿಗೆ

ಮಾನ್ಯರೇ,

1800ರ ಬೇಸಿಗೆಯಲ್ಲಿ ಕರ್ನಲ್ ಆರ್ಥರ್ ವೆಲ್ಲೆಸ್ಲಿಗೆ ಡಚ್ಚರ ಬಟೇವಿಯಾದ (ಇಂದಿನ ಜಕಾರ್ತ) ಮೇಲೆ ಹೋಗಲಿದ್ದ ದಂಡಿನ ಮುಖಂಡತ್ವ ಕೊಡುವ ಮಾತು ಬಂತು. ಹಣ, ಹೆಸರು ಎರಡೂ ಸಿಗುವ ಕೆಲಸ. ಅವನು ಒಪ್ಪಲಿಲ್ಲ. ತುಂಗಭದ್ರೆಯ ಆಚೆ ಒಬ್ಬ ಕುದುರೆ ಸವಾರ ಮತ್ತೆ ಪಡೆ ಕಟ್ಟಿದ್ದ, ಅವನನ್ನು ಮುಗಿಸದೆ ಮೈಸೂರು ಸೀಮೆ ಬಿಟ್ಟು ಹೋಗುವಂತಿಲ್ಲ ಎಂಬುದೇ ಕಾರಣ. ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಸೇನಾಪತಿಯನ್ನು ಹೀಗೆ ಕಟ್ಟಿಹಾಕಿದ ಆ ಸವಾರ ಧೋಂಡಿಯಾ ವಾಘ್. ಹುಟ್ಟಿದ್ದು ನಮ್ಮ ಚನ್ನಗಿರಿಯಲ್ಲಿ.

ಈ ಸೈನಿಕನ ಬದುಕನ್ನು ಅವನು ಹುಟ್ಟಿದ ಮತ್ತು ಹಾದುಹೋದ ಊರುಗಳಲ್ಲಿ ಕಲ್ಲಿನ ಮೇಲೆ ಬರೆಯಿಸಿ ನಿಲ್ಲಿಸಬೇಕು ಎಂಬುದು ನಮ್ಮ ಕೋರಿಕೆ. ಏನು ಬರೆಯಬೇಕು, ಏನು ಬರೆಯಬಾರದು, ಎಲ್ಲಿ ನಿಲ್ಲಿಸಬೇಕು, ಕಲ್ಲು ಎಂಥದಿರಬೇಕು, ಎಲ್ಲೆಲ್ಲಿ ತಪ್ಪಾಗುತ್ತದೆ ಎಂಬುದನ್ನೂ ಇಲ್ಲೇ ವಿವರವಾಗಿ ಬರೆದಿದ್ದೇವೆ. ಮನವಿ ಪತ್ರ ಕೊಟ್ಟು, ಉಳಿದದ್ದು ಇಲಾಖೆಯವರು ನೋಡಿಕೊಳ್ಳಲಿ ಎಂದು ಬಿಟ್ಟರೆ ಕೊನೆಗೆ ಬರುವುದು ತಪ್ಪು ಇಸವಿ ಹೊತ್ತ ಒಂದು ಫ್ಲೆಕ್ಸ್ ಬೋರ್ಡು.

ಮೊದಲು ಮನುಷ್ಯನ ವಿಚಾರ.

ಧೋಂಡಿಯಾ ಮರಾಠಾ ಮನೆತನದವನು. ಹೈದರಾಲಿಯ ಕುದುರೆ ದಂಡಿಗೆ ಸೇರಿ ಅಲ್ಲೇ ಕಸುಬು ಕಲಿತ. ಆ ಕಾಲದ ಕುದುರೆ ದಂಡು ಹೇಗಿತ್ತೆಂದು ತಿಳಿಯದೆ ಇವನ ಬದುಕು ಅರ್ಥವಾಗುವುದಿಲ್ಲ. ಸರ್ಕಾರದ ಕುದುರೆ ಹತ್ತುವವನು ಬಾರ್ಗೀರ್. ಕುದುರೆ ಸತ್ತರೆ ನಷ್ಟ ಸರ್ಕಾರಕ್ಕೆ. ಸ್ವಂತ ಕುದುರೆ, ಸ್ವಂತ ಆಯುಧ ತಂದು ಸೇರುವವನು ಸಿಲೇದಾರ. ಅವನಿಗೆ ಸಂಬಳ ಹೆಚ್ಚು, ಆದರೆ ಕುದುರೆ ಬಿದ್ದರೆ ಅಂದಿಗೆ ನೌಕರಿಯೂ ಬಿತ್ತು. ಇವರ ಜೊತೆಗೆ ಸಂಬಳವೇ ಇಲ್ಲದೆ ಲೂಟಿಯ ಪಾಲಿನ ಮೇಲೆ ಬದುಕುವ ಪಿಂಡಾರಿಗಳು ಬೇರೆ. ಇಂಥ ದಂಡಿನಲ್ಲಿ ನಿಷ್ಠೆ ರಾಜನಿಗಿಂತ ಹೆಚ್ಚಾಗಿ ಮುಂದೆ ನಿಂತು ನಡೆಸುವ ಸರದಾರನ ಕಡೆಗೆ ಇರುತ್ತಿತ್ತು. ಸಂಬಳ ತಡವಾದರೆ ಇನ್ನೂರು ಸವಾರರು ತಮ್ಮ ಸರದಾರನ ಹಿಂದೆ ಮತ್ತೊಬ್ಬ ಒಡೆಯನ ಬಳಿ ಹೋಗುವುದು ನಡೆಯುತ್ತಲೇ ಇತ್ತು. ಇದನ್ನು ದ್ರೋಹ ಎಂದು ಬರೆಯುವವರು ಆ ಕಾಲದ ಸಂಬಳದ ಪಟ್ಟಿಯನ್ನೂ ನೋಡಬೇಕು ಎಂದು ನಮ್ಮ ಅಭಿಪ್ರಾಯ.

1790–92ರ ಮೂರನೇ ಮೈಸೂರು ಯುದ್ಧದ ಹೊತ್ತಿಗೆ ಧೋಂಡಿಯಾ ಟಿಪ್ಪುವಿನ ದಂಡು ಬಿಟ್ಟ. ಸಿಕ್ಕಷ್ಟು ಲೂಟಿ ಹೊತ್ತು ಲಕ್ಷ್ಮೇಶ್ವರದ ಕಡೆ ಹೋದ. 1793ರ ಹೊತ್ತಿಗೆ ಹಾವೇರಿ, ಸವಣೂರು ಸೀಮೆಯಲ್ಲಿ ಸ್ವಂತ ಪಡೆ ಓಡಿಸುತ್ತಿದ್ದ. ಪೇಶ್ವೆಯ ಕಡೆಯ ಧೋಂಡೋಪಂತ್ ಗೋಖಲೆ ಅವನನ್ನು ಹೊಡೆದು ಓಡಿಸಿದ. ಎರಡೂ ಕಡೆ ಬಾಗಿಲು ಮುಚ್ಚಿದ ಮೇಲೆ 1794ರಲ್ಲಿ ಸುಮಾರು 200 ಸವಾರರೊಂದಿಗೆ ಟಿಪ್ಪುವಿನ ಬಳಿಗೇ ವಾಪಸು ಬಂದ. ಅಲ್ಲಿ ಕಾದಿದ್ದದ್ದು ಶ್ರೀರಂಗಪಟ್ಟಣದ ಸೆರೆಮನೆ. ಅಲ್ಲಿರುವಾಗ ಇಸ್ಲಾಂ ಸೇರಿ ಮಲಿಕ್ ಜಹಾನ್ ಖಾನ್ ಆದ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಸೆರೆಮನೆಯ ಬಾಗಿಲು ತೆರೆಯಿತು. ಇಲ್ಲಿಂದ ಮುಂದಿನ ಹದಿನಾರು ತಿಂಗಳು ಅವನ ಬದುಕಿನ ಮುಖ್ಯ ಭಾಗ. ಟಿಪ್ಪು ಸತ್ತ ದಿನವೇ ಮೈಸೂರಿನ ಅಷ್ಟೂ ಸೈನ್ಯಕ್ಕೆ ಸಂಬಳ ಕೊಡುವವರಿಲ್ಲದಂತಾಯಿತು. ಕುದುರೆ ಇದೆ, ಕತ್ತಿ ಇದೆ, ಹೊಟ್ಟೆಗೆ ದಾರಿಯಿಲ್ಲ. ಅಂಥವರನ್ನು ಕೂಡಿಸಿಕೊಂಡು ಧೋಂಡಿಯಾ ಮಲೆನಾಡಿನ ಅಂಚಿಗೆ ಬಂದ. ಬಿದನೂರು, ಶಿಕಾರಿಪುರ ಸೀಮೆ ಕೈಸೇರಿತು. ತನ್ನನ್ನು ಉಭಯ ಲೋಕಾಧೀಶ್ವರ ಎಂದು ಕರೆದುಕೊಂಡ. ಸೈನ್ಯ ಕರಗಿಸುವವರು ಸೈನಿಕರ ಹೊಟ್ಟೆಯ ಲೆಕ್ಕ ಹಾಕದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಸೀಮೆಯ ಚರಿತ್ರೆಯಲ್ಲಿ ಇದಕ್ಕಿಂತ ಸ್ಪಷ್ಟ ಉದಾಹರಣೆ ಇಲ್ಲ. ಮುಂದೆ 1807ರ ಒಪ್ಪಂದದಲ್ಲಿ ಮೈಸೂರು ಸಂಸ್ಥಾನ 4,000 ಕುದುರೆ ಸವಾರರನ್ನು ಸದಾ ಇಟ್ಟುಕೊಳ್ಳಬೇಕೆಂದು ಬರೆಯಲಾಯಿತು. ದಿವಾನ್ ಪೂರ್ಣಯ್ಯನವರು ಕಟ್ಟಿದ ಸಿಲೇದಾರ್ ದಂಡಿನಲ್ಲಿ ಇದೇ ಬಗೆಯ ಸವಾರರಿಗೆ ಮತ್ತೆ ಅನ್ನದ ದಾರಿ ಸಿಕ್ಕಿತು.

1799ರ ಜುಲೈ–ಆಗಸ್ಟ್ ತಿಂಗಳಲ್ಲಿ ಈಸ್ಟ್ ಇಂಡಿಯಾ ಕಂಪನಿ ಎರಡು ತುಕಡಿ ಕಳಿಸಿತು. ಡಾಲ್‌ರಿಂಪಲ್‌ನ ತುಕಡಿ ಚಿತ್ರದುರ್ಗದ ಕಡೆಯಿಂದ ಹೊರಟಿತು, ಇನ್ನೊಂದು ಸ್ಟೀವನ್‌ಸನ್‌ನದು. ಶಿವಮೊಗ್ಗ, ಶಿಕಾರಿಪುರದ ಕೋಟೆಗಳು ಆಗಸ್ಟಿನಲ್ಲಿ ಬಿದ್ದವು. ಧೋಂಡಿಯಾ ಗಡಿ ದಾಟಿ ಮರಾಠರ ನೆಲಕ್ಕೆ ಹೋದ, ಅಲ್ಲಿ ಗೋಖಲೆಯ ಕೈಯಲ್ಲಿ ಮತ್ತೆ ಏಟು ತಿಂದ. ಬೇರೆ ಯಾರೇ ಆಗಿದ್ದರೂ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಇವನು ಮುಂದಿನ ಬೇಸಿಗೆಗೆ ಮೊದಲಿಗಿಂತ ದೊಡ್ಡ ಪಡೆಯೊಂದಿಗೆ ಎದ್ದು ನಿಂತ.

ಇನ್ನು ಹರಿಹರದ ವಿಚಾರ. ನಮ್ಮ ಜಿಲ್ಲೆಯ ಮಟ್ಟಿಗೆ ಇದೇ ಮುಖ್ಯ ಸ್ಥಳ. 1800ರ ಜೂನ್‌ನಲ್ಲಿ ವೆಲ್ಲೆಸ್ಲಿ ತನ್ನ ಸೈನ್ಯವನ್ನು ಹರಿಹರದ ಬಳಿ ತಂದು ನಿಲ್ಲಿಸಿದಾಗ ಹೊಳೆ ಏರತೊಡಗಿತು. ಹರಿಹರದಲ್ಲಿ ಹನಿ ಬೀಳದಿದ್ದರೂ ಘಟ್ಟದಲ್ಲಿ ಮುಂಗಾರು ಹಿಡಿದರೆ ತುಂಗೆ ಭದ್ರೆ ಎರಡೂ ತುಂಬಿ ಕೂಡಲಿಯಿಂದ ಕೆಳಗೆ ಬರುತ್ತವೆ ಎಂಬುದು ದಡದವರಿಗೆ ಗೊತ್ತು. ಈಗ ಗಾಜನೂರು, ಲಕ್ಕವಳ್ಳಿ ಅಣೆಕಟ್ಟುಗಳು ನಡುವೆ ನಿಂತಿರುವುದರಿಂದ ಇಂದಿನ ನೀರು ನೋಡಿ ಅಂದಿನ ಹೊಳೆಯನ್ನು ಊಹಿಸಲಾಗದು. ಆಗ ಸೇತುವೆ ಇರಲಿಲ್ಲ. ಆನೆ, ಒಂಟೆ, ತೋಪು, ಮದ್ದು, ಸಾವಿರಾರು ಹೇರೆತ್ತು ಎಲ್ಲವೂ ದೋಣಿ ಮತ್ತು ಹರಿಗೋಲುಗಳ ಮೇಲೆ ಅಥವಾ ಈಜಿ ದಾಟಬೇಕು. ಬಿದಿರಿನ ಬುಟ್ಟಿಗೆ ಚರ್ಮ ಹೊದಿಸಿದ ಹರಿಗೋಲಿನ ಗುಣ ದೋಷ ಎರಡೂ ಇಲ್ಲಿ ಕಾಣುತ್ತವೆ. ಬಿದಿರು, ಚರ್ಮ ಸಿಕ್ಕಿದರೆ ಎಲ್ಲಿ ಬೇಕಾದರೂ ಹೆಣೆಯಬಹುದು, ತಲೆಯ ಮೇಲೆ ಹೊತ್ತು ಸಾಗಿಸಬಹುದು. ಆದರೆ ಚರ್ಮವನ್ನು ಆಗಾಗ ದಡಕ್ಕೆ ಎಳೆದು ಒಣಗಿಸದಿದ್ದರೆ ನೆನೆದು ಕೊಳೆತು ಹೊಲಿಗೆ ಬಿಡುತ್ತದೆ, ಸೆಳವಿನಲ್ಲಿ ಗಿರಗಿರ ತಿರುಗುವುದರಿಂದ ನುರಿತ ಅಂಬಿಗನಿಲ್ಲದೆ ಗುರಿಯ ದಡ ಸಿಗುವುದಿಲ್ಲ. ದಾಟುವಿಕೆಗೆ ದಿನಗಳೇ ಹಿಡಿದವು. ಆ ದಿನಗಳು ಧೋಂಡಿಯಾನಿಗೆ ಲಾಭವಾದವು. ಜೂನ್ 27ರಂದು ವೆಲ್ಲೆಸ್ಲಿ ರಾಣೆಬೆನ್ನೂರು ಕೋಟೆ ಹಿಡಿದ. ಮೂರೇ ದಿನಕ್ಕೆ, ಜೂನ್ 30ರಂದು, ಕಿತ್ತೂರಿನ ಹತ್ತಿರ ಧೋಂಡಿಯಾ ತನ್ನ ಹಳೆಯ ವೈರಿ ಧೋಂಡೋಪಂತ್ ಗೋಖಲೆಯ ಮೇಲೆ ಬಿದ್ದು ಅವನನ್ನು ಕೊಂದ.

ಈ ಇಬ್ಬರ ಹೆಸರೂ ಧೋಂಡ್ ಎಂದೇ ಆರಂಭವಾಗುವುದರಿಂದ ಬರೆಯುವವರು ಎಡವುತ್ತಾರೆ. ಒಬ್ಬ ವಾಘ್, ಇನ್ನೊಬ್ಬ ಗೋಖಲೆ. ಒಬ್ಬನು ಮಾಡಿದ್ದನ್ನು ಇನ್ನೊಬ್ಬನ ತಲೆಗೆ ಕಟ್ಟಿದರೆ ಇಡೀ ಕಥೆ ತಲೆಕೆಳಗಾಗುತ್ತದೆ.

ಮಳೆಗಾಲ ಹಗುರ ಕುದುರೆ ದಂಡಿಗೆ ಎರಡು ಬಗೆಯಲ್ಲಿ ಕೆಲಸ ಮಾಡುತ್ತದೆ. ತುಂಬಿದ ಹೊಳೆ ಬೆನ್ನಟ್ಟುವವನನ್ನು ತಡೆಯುತ್ತದೆ. ಅದೇ ಹೊಳೆ ಓಡುವವನ ಮುಂದೆ ಬಂದರೆ ಗೋಡೆಯಾಗುತ್ತದೆ. ಜುಲೈ 14ರಂದು ಕುಂದಗೋಳ, 26ರಂದು ಡಂಬಳ ಬಿದ್ದವು. ಜುಲೈ 30ರಂದು ಮಲಪ್ರಭೆಯ ದಡದ ಮನೋಳಿಯ ಬಳಿ ಧೋಂಡಿಯಾನ ಒಂದು ದೊಡ್ಡ ಬಿಡಾರ ಹೊಳೆಗೂ ಶತ್ರುವಿಗೂ ನಡುವೆ ಸಿಕ್ಕಿತು. ಬಹಳ ಜನ ನೀರಿಗೆ ಬಿದ್ದು ಸತ್ತರು, ಎತ್ತು, ಒಂಟೆ, ಸಾಮಾನು ಎಲ್ಲ ಕೈಬಿಟ್ಟವು. ಹಗುರ ದಂಡಿಗೆ ಉಗ್ರಾಣ ಇರುವುದಿಲ್ಲ. ಅದು ಹೋದಲ್ಲಿ ಉಣ್ಣುತ್ತದೆ, ಅಂದರೆ ರೈತನ ಧಾನ್ಯದ ಹಗೇವನ್ನು ಬರಿದು ಮಾಡುತ್ತದೆ. ಮಲಪ್ರಭೆಯ ದಡದಲ್ಲಿ ಸಾಮಾನು ಹೋದ ಮೇಲೆ ಸವಾರರು ಚದುರತೊಡಗಿದರು. ಎದುರು ಕಡೆಯ ಬಲ ಇದ್ದದ್ದು ಕತ್ತಿಯಲ್ಲಿ ಅಷ್ಟೇ ಅಲ್ಲ. ಕೆನರಾದ ಕಲೆಕ್ಟರ್ ಆಗಿದ್ದ ಥಾಮಸ್ ಮನ್ರೋನ ನೆರವು, ಎತ್ತಿನ ಬೆನ್ನಿಗೆ ಎರಡು ಮಗ್ಗುಲಿಗೂ ಗೋಣಿ ಹೇರಿ ದಂಡಿನ ಹಿಂದೆ ಧಾನ್ಯ ತರುತ್ತಿದ್ದ ಬಂಜಾರರು, ಹೊಳೆ ದಾಟುವ ಜಾಗಗಳ ಕಾವಲು. ಬಂಜಾರರ ಸಂತ ಸೇವಾಲಾಲರ ಊರು ಸೂರಗೊಂಡನಕೊಪ್ಪವಿರುವ ಜಿಲ್ಲೆ ನಮ್ಮದು. ದಂಡುಗಳಿಗೆ ಅನ್ನ ಹೊತ್ತ ಲಂಬಾಣಿ ಹಿರಿಯರ ಈ ಕೆಲಸವನ್ನೂ ಹರಿಹರದ ಕಲ್ಲಿನಲ್ಲಿ ಒಂದು ಸಾಲು ಬರೆಯುವುದು ನ್ಯಾಯ.

ಸೆಪ್ಟೆಂಬರ್ ಹೊತ್ತಿಗೆ ಧೋಂಡಿಯಾ ಕೃಷ್ಣೆ ತುಂಗಭದ್ರೆಗಳ ನಡುವಿನ ರಾಯಚೂರು ಸೀಮೆಯಲ್ಲಿದ್ದ. ಎರಡೂ ಕಡೆ ತುಂಬಿದ ಹೊಳೆ, ಕೆಳಗೆ ಕುದುರೆಯ ಗೊರಸು ಹೂತುಹೋಗುವ ಎರೆ ನೆಲ. ಸೆಪ್ಟೆಂಬರ್ 10ರಂದು ಕೋಣಗಲ್ಲಿನ ಬಳಿ ವೆಲ್ಲೆಸ್ಲಿ ಅವನಿಗೆ ಎದುರಾದ. ಧೋಂಡಿಯಾನ ಬಳಿ ಸುಮಾರು 5,000 ಕುದುರೆ. ವೆಲ್ಲೆಸ್ಲಿಯ ಬಳಿ ನಾಲ್ಕೇ ರೆಜಿಮೆಂಟು: 19 ಮತ್ತು 25ನೇ ಲೈಟ್ ಡ್ರಗೂನ್ ಎಂಬ ಇಂಗ್ಲಿಷ್ ಕುದುರೆ ದಂಡು, ಮದ್ರಾಸಿನ 1 ಮತ್ತು 2ನೇ ದೇಶೀ ಕುದುರೆ ದಂಡು. ಎದುರಾಳಿಯ ಸಾಲು ಉದ್ದವಿದ್ದುದರಿಂದ ನಾಲ್ಕನ್ನೂ ಒಂದೇ ಸಾಲಾಗಿ ನಿಲ್ಲಿಸಿ, ತಾನೇ ಮುಂದೆ ನಿಂತು ನುಗ್ಗಿಸಿದ. ಧೋಂಡಿಯಾನ ಸವಾರರು ಮೊದಲು ಗಟ್ಟಿಯಾಗಿಯೇ ನಿಂತರು. ಆಮೇಲೆ ಸಾಲು ಒಡೆಯಿತು. ಧೋಂಡಿಯಾ ಅಲ್ಲೇ ಬಿದ್ದ. ಅವನ ದೇಹವನ್ನು ಗುರುತಿಸಿ, ಕುದುರೆ ಎಳೆಯುವ ಹಗುರ ತೋಪಿಗೆ ಕಟ್ಟಿ ಬಿಡಾರಕ್ಕೆ ತಂದರು.

ಸಾಮಾನಿನ ನಡುವೆ ಅವನ ಪುಟ್ಟ ಮಗ ಸಲಾಬತ್ ಖಾನ್ ಸಿಕ್ಕಿದ. ವೆಲ್ಲೆಸ್ಲಿ ಆ ಮಗುವನ್ನು ತನ್ನ ಡೇರೆಗೆ ತರಿಸಿಕೊಂಡ, ಇಂಡಿಯಾ ಬಿಡುವಾಗ ಅವನ ಪಾಲನೆಗೆಂದು ಹಣ ಬಿಟ್ಟು ಹೋದ. ಹುಡುಗ ಬೆಳೆದು ಮೈಸೂರು ಅರಸರ ಸೇವೆಗೆ ಸೇರಿ 1822ರಲ್ಲಿ ಕಾಲರಾದಿಂದ ತೀರಿಕೊಂಡ. ತಂದೆಯನ್ನು ಕೊಂದವನೇ ಮಗನನ್ನು ಸಾಕಿದ ಈ ಸಂಗತಿ ಯಾವ ಪಕ್ಷಕ್ಕೂ ಅನುಕೂಲವಾಗುವುದಿಲ್ಲ ಎಂದು ಬಿಟ್ಟುಬಿಡಬಾರದು. ಅದು ನಡೆದದ್ದು.

ಇನ್ನು ಬರಹದ ವಿಚಾರ. ಧೋಂಡಿಯಾನ ಬಗ್ಗೆ ಎರಡು ಬಗೆಯ ಬರಹ ಓಡಾಡುತ್ತವೆ. ಕಂಪನಿಯ ಕಾಗದಗಳಲ್ಲಿ ಅವನು ದರೋಡೆಕೋರ. ಸಿಕ್ಕರೆ ಹತ್ತಿರದ ಮರಕ್ಕೆ ನೇಣು ಹಾಕುವಂತೆ ಆದೇಶವೇ ಹೊರಟಿತ್ತು. ಈಚಿನ ಬರಹಗಳಲ್ಲಿ ಅವನು ಮೊದಲ ಸ್ವಾತಂತ್ರ್ಯ ಹೋರಾಟಗಾರ. ಕಲ್ಲಿನ ಮೇಲೆ ಇವೆರಡೂ ಬೇಡ. ಹೈದರನಿಗೆ ದುಡಿದ, ಟಿಪ್ಪುವನ್ನು ಬಿಟ್ಟ, ಮರಾಠರ ನೆಲ ಲೂಟಿ ಮಾಡಿದ, ಟಿಪ್ಪುವಿನ ಬಳಿಗೇ ಬಂದ, ಸೆರೆಯಾದ, ಇಂಗ್ಲಿಷರೊಡನೆ ಕಾದಿ ಸತ್ತ. ಸೈನಿಕವೃತ್ತಿಯಲ್ಲೇ ಬದುಕಿ ಅದರಲ್ಲೇ ಮುಗಿದ ಸಾಹಸಿ. ಹೆಸರಿನ ಮುಂದೆ ವಿಶೇಷಣ ಹಾಕದೆ ನಡೆದದ್ದನ್ನು ವರ್ಷದ ಕ್ರಮದಲ್ಲಿ ಬರೆದರೆ ಓದುವವರಿಗೆ ಅವನ ಎತ್ತರವೂ ಕಾಣುತ್ತದೆ, ಅವನ ಕುದುರೆಗಳ ಗೊರಸಿಗೆ ಸಿಕ್ಕ ರೈತನ ಹೊಲವೂ ಕಾಣುತ್ತದೆ.

ಮತಾಂತರದ ಬಗ್ಗೆ ಜಗಳ ಬರುವುದು ಖಚಿತ. ಬಲವಂತ ಎಂದು ಒಬ್ಬರು, ಸ್ವಇಚ್ಛೆ ಎಂದು ಇನ್ನೊಬ್ಬರು ಒತ್ತಾಯಿಸುತ್ತಾರೆ. ಹಳೆಯ ಬರಹಗಳೇ ಇದರಲ್ಲಿ ಒಂದೇ ಮಾತು ಹೇಳುವುದಿಲ್ಲ. ಆದ್ದರಿಂದ "ಇಸ್ಲಾಂ ಸೇರಿ ಮಲಿಕ್ ಜಹಾನ್ ಖಾನ್ ಎನಿಸಿಕೊಂಡ" ಎಂಬಲ್ಲಿಗೆ ನಿಲ್ಲಿಸಿ. ಹುಟ್ಟಿದ ವರ್ಷ ಕೆತ್ತಬೇಡಿ, ಸತ್ತ ದಿನ ಮಾತ್ರ ಖಚಿತ. ಟಿಪ್ಪುವಿನ ಸೇನಾಪತಿ ಎಂದು ಬರೆಯಬೇಡಿ; ಟಿಪ್ಪು ಸತ್ತ ದಿನ ಅವನು ಸೆರೆಯಲ್ಲಿದ್ದ. ವೆಲ್ಲೆಸ್ಲಿಯನ್ನು ಡ್ಯೂಕ್ ಆಫ್ ವೆಲ್ಲಿಂಗ್ಟನ್ ಎನ್ನಬೇಡಿ. ಆ ಬಿರುದು ಬಂದದ್ದು 1814ರಲ್ಲಿ. ಸೈನ್ಯದ ಸಂಖ್ಯೆ ಹತ್ತಾರು ಸಾವಿರ ಎಂದು ಹಾಕುವ ಆಸೆ ಬಿಡಿ. ಅಂಥ ಅಂಕಿಗಳಲ್ಲಿ ಹುಲ್ಲು ತರುವವರು, ಅಡಿಗೆಯವರು, ಹೆಂಗಸರು ಮಕ್ಕಳು ಎಲ್ಲ ಸೇರಿರುತ್ತಾರೆ. ಕ್ರಿಯಾಪದದಲ್ಲೂ ಎಚ್ಚರ ಬೇಕು: ಒಬ್ಬರಿಗೆ "ಮಡಿದರು", ಇನ್ನೊಬ್ಬನಿಗೆ "ಸತ್ತ" ಎಂದರೆ ಕಲ್ಲು ಪಕ್ಷ ವಹಿಸಿದಂತೆ. ಚರಿತ್ರೆ ಬರೆಯುವ ರೂಢಿಯಂತೆ ಹೈದರ್, ಟಿಪ್ಪು, ಧೋಂಡಿಯಾ, ವೆಲ್ಲೆಸ್ಲಿ ನಾಲ್ವರಿಗೂ ಏಕವಚನವೇ ಇರಲಿ.

ಊರಿನ ಹೆಸರುಗಳು ಇನ್ನೂ ದೊಡ್ಡ ಗುಂಡಿ. ಇಂಗ್ಲಿಷ್ ಕಾಗದಗಳಲ್ಲಿ ಹರಿಹರ "ಹರ್ರಿಹರ್", ಚಿತ್ರದುರ್ಗ "ಚಿಟಲ್‌ಡ್ರೂಗ್". ರಾಣೆಬೆನ್ನೂರನ್ನು ಅವರು "ರಾಣಿ ಬೆಡ್ನೋರ್" ಎಂದು ಬರೆದರು, ಬಿದನೂರನ್ನು "ಬೆಡ್ನೋರ್" ಎಂದು. ಅವಸರದಲ್ಲಿ ಓದಿದವರು 1800ರ ರಾಣೆಬೆನ್ನೂರಿನ ಕಾಳಗವನ್ನು ಮಲೆನಾಡಿನ ಬಿದನೂರಿಗೆ (ಇಂದಿನ ನಗರ ಎಂಬ ಊರು) ಒಯ್ಯುತ್ತಾರೆ. ಅದಕ್ಕಿಂತ ಹೆಚ್ಚಿನ ಅಪಾಯ ಹೊನ್ನಾಳಿಯದು. "ಹೂಲಿ ಒನೋರ್" ಎಂದು ಕಂಡರೆ ಅದು ಭದ್ರೆಯ ದಡದ ಹೊಳೆಹೊನ್ನೂರು, ಹೊನ್ನಾಳಿಯಲ್ಲ. 1799ರ ಡಾಲ್‌ರಿಂಪಲ್, ಸ್ಟೀವನ್‌ಸನ್ ತುಕಡಿಗಳ ವರದಿಗಳಲ್ಲಿ ಈ ಎರಡು ಊರುಗಳು ಒಂದರ ಜಾಗದಲ್ಲಿ ಒಂದು ಬಂದುಬಿಡುತ್ತವೆ. ಆದ್ದರಿಂದ ಹೊನ್ನಾಳಿಯ ಕಲ್ಲನ್ನು ಕೊನೆಗೆ ಇಟ್ಟುಕೊಳ್ಳಿ. ಮೂಲ ಕಾಗದದ ತಾರೀಖು, ಹಿಂದಿನ ದಿನದ ಬಿಡಾರ, ನಡೆದ ದೂರ, ದಾಟಿದ ಹೊಳೆ ಈ ನಾಲ್ಕನ್ನೂ ನಕ್ಷೆಯ ಮೇಲಿಟ್ಟು ತಾಳೆ ನೋಡಿದ ಮೇಲೆಯೇ ಕೆತ್ತಲು ಕೊಡಿ. ಇನ್ನೊಂದು ಮಾತು: ಚನ್ನಗಿರಿ, ಹೊನ್ನಾಳಿ 1997ರ ಆಗಸ್ಟ್ 15ರವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ಹರಿಹರ ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ಹಳೆಯ ಗ್ಯಾಸೆಟಿಯರ್ ಹುಡುಕುವವರು ಎರಡೂ ಜಿಲ್ಲೆಗಳ ಸಂಪುಟ ತೆಗೆಯಬೇಕು. ಮರಾಠರ ಕಡೆಯ ಕಾಗದಗಳು ಮರಾಠಿಯ ಹಳೆಯ ಕೂಡುಬರಹವಾದ ಮೋಡಿ ಲಿಪಿಯಲ್ಲಿವೆ. ಪುಣೆಯ ಪೇಶ್ವೆ ದಫ್ತರಕ್ಕೆ ಕಳಿಸುವುದಾದರೆ ಮೋಡಿ ಓದಬಲ್ಲವರನ್ನೇ ಕಳಿಸಿ. ದೇವನಾಗರಿ ಮರಾಠಿ ಬಂದ ಮಾತ್ರಕ್ಕೆ ಮೋಡಿ ಬರುವುದಿಲ್ಲ.

ಈಗ ಕಲ್ಲು. ಪ್ರತಿಮೆ ಬೇಡ ಎನ್ನಲು ಕಾರಣ ಸರಳ: ಧೋಂಡಿಯಾನನ್ನು ಎದುರು ಕೂರಿಸಿ ಬರೆದ ನಂಬಲರ್ಹ ಚಿತ್ರ ನಾವು ನೋಡಿದ ಯಾವ ಪುಸ್ತಕದಲ್ಲೂ ಇಲ್ಲ. ಪ್ರತಿಮೆ ಮಾಡಿದರೆ ಯಾವುದೋ ಮುಖ, ಯಾವುದೋ ಪೇಟ, ಯಾವುದೋ ಗಡ್ಡ ಬರುತ್ತದೆ. ಅವನು ಯಾರವನು ಎಂಬ ಜಗಳವನ್ನು ಆ ಪೇಟ, ಗಡ್ಡಗಳೇ ಎಬ್ಬಿಸುತ್ತವೆ. ಫ್ಲೆಕ್ಸ್ ನಮ್ಮ ಬಿಸಿಲಿಗೆ ಎರಡು ಬೇಸಿಗೆ ತಡೆಯುವುದಿಲ್ಲ. ಕಬ್ಬಿಣದ ಹಲಗೆಗೆ ಅಂಟಿಸಿದ ವಿನೈಲ್ ಅಂಚಿನಿಂದ ಏಳುತ್ತದೆ. ಹೊಳಪು ಮಾಡಿದ ಕಪ್ಪು ಗ್ರಾನೈಟ್ ಒಂದೇ ತುಂಡು ಬೇಕು: 4 ಅಡಿ ಅಗಲ, 3 ಅಡಿ ಎತ್ತರ, 4 ಅಂಗುಲ ದಪ್ಪ. ಮುಕ್ಕಾಲು ಅಂಗುಲದ ತೆಳು ಹಾಸನ್ನು ಇಟ್ಟಿಗೆ ಗೋಡೆಗೆ ಅಂಟಿಸುವುದು ಅಗ್ಗ, ಆದರೆ ಬಿಸಿಲಿಗೆ ಅಂಟು ಬಿಟ್ಟು ಒಂದು ದಿನ ಕಳಚಿ ಬೀಳುತ್ತದೆ. ನಾವು ಹೇಳಿದ ಅಳತೆಯ ಕಲ್ಲು ಸುಮಾರು 300 ಕೆ.ಜಿ. ತೂಗುತ್ತದೆ. ಹೆಗಲ ಮೇಲೆ ಹೊರಿಸದೆ ಚೈನ್ ಪುಲ್ಲಿ ಕಟ್ಟಿ ಇಳಿಸಿ. ಪೀಠದಲ್ಲಿ ಕಲ್ಲು ಇಳಿಯುವಷ್ಟು ಉದ್ದನೆಯ ಗುಳಿ ಬಿಟ್ಟು, ಅದರೊಳಗೆ 6 ಅಂಗುಲ ಇಳಿಯುವಂತೆ ಕೂರಿಸಿ. ಈ 6 ಅಂಗುಲ ಬರಹದ ಎತ್ತರಕ್ಕೆ ಸೇರದಂತೆ ಕಲ್ಲನ್ನು ಅಷ್ಟು ಎತ್ತರ ಹೆಚ್ಚಾಗಿ ಕೊಯ್ಯಿಸಿ. ಆಗ ತೂಕವೂ ಆರರಲ್ಲಿ ಒಂದು ಪಾಲು ಏರುತ್ತದೆ. ಕಲ್ಲು ಹಿಂದಕ್ಕೆ ಸ್ವಲ್ಪ ವಾಲಿರಲಿ, ಪೂರ್ತಿ ಮಲಗಿಸಬೇಡಿ. ಮಲಗಿದ ಕಲ್ಲಿನ ಮೇಲೆ ನೀರು, ಧೂಳು, ಹಿಕ್ಕೆ ನಿಲ್ಲುತ್ತದೆ.

ಅಕ್ಷರದ ಲೆಕ್ಕ ಮೊದಲೇ ಹಾಕಬೇಕು. ಆರು ಅಡಿ ದೂರದಿಂದ ಹಿರಿಯರೂ ಓದುವಂತಿರಲು ಅಕ್ಷರ 25 ಮಿ.ಮೀ. ಎತ್ತರವಿರಬೇಕು. ಕನ್ನಡದಲ್ಲಿ ಒತ್ತಕ್ಷರ ಕೆಳಗೆ ಇಳಿಯುವುದರಿಂದ ಸಾಲಿನಿಂದ ಸಾಲಿಗೆ 50 ಮಿ.ಮೀ. ಬಿಡಬೇಕು, ಇಂಗ್ಲಿಷ್ ಅಳತೆಯಲ್ಲಿ 35 ಬಿಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸನ್ನು ಮುಟ್ಟುತ್ತದೆ. ಅಂಚು, ತಲೆಬರಹ ಬಿಟ್ಟರೆ ಸಿಗುವುದು ಸಾಲಿಗೆ 40 ಅಕ್ಷರದಂತೆ 12 ಸಾಲು, ಅಂದರೆ 480 ಅಕ್ಷರ. ಹೆಚ್ಚೆಂದರೆ 75 ಪದ. ಇದಕ್ಕಿಂತ ಉದ್ದದ ಒಕ್ಕಣೆ ಕೊಟ್ಟರೆ ಕೆತ್ತುವವರು ಅಕ್ಷರ ಚಿಕ್ಕದು ಮಾಡುತ್ತಾರೆ, ಯಾರೂ ಓದುವುದಿಲ್ಲ. ಇಂಗ್ಲಿಷ್ ಬೇಕಾದರೆ ಕಲ್ಲಿನ ಹಿಂಬದಿಗೆ ಹಾಕಿ.

ಮರಳು ಹೊಡೆದು ಕೆತ್ತುವಾಗ ರಬ್ಬರ್ ಹಾಳೆ ಅಂಟಿಸಿ ಅಕ್ಷರ ಕತ್ತರಿಸುತ್ತಾರೆ. "ದ"ಕ್ಕೂ "ಧ"ಕ್ಕೂ ಇರುವ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಸೀಳು. ಆ ಗಾತ್ರದಲ್ಲಿ ರಬ್ಬರಿನ ಆ ಎಳೆ ಎದ್ದುಹೋಗುತ್ತದೆ, ಧೋಂಡಿಯಾ ದೋಂಡಿಯಾ ಆಗುತ್ತಾನೆ. ಬೆರಳಚ್ಚಿನ ಫಾಂಟ್ ಬದಲಾಯಿಸುವಾಗ ಅರ್ಕಾವತ್ತು ಜಾಗ ತಪ್ಪುವುದು ಇನ್ನೊಂದು ಕಾಯಿಲೆ. "ಆರ್ಥರ್" ಎಂಬ ಹೆಸರಿನ "ರ್ಥ"ದಲ್ಲಿ ಅದು ಕೈಕೊಡಬಹುದು. ಕಲ್ಲಿನ ಅಳತೆಯಲ್ಲೇ ಕಾಗದದ ಮೇಲೆ ಅಚ್ಚು ತೆಗೆಸಿ, ಗೋಡೆಗೆ ಅಂಟಿಸಿ, ಹೈಸ್ಕೂಲಿನ ಇಬ್ಬರು ಮಕ್ಕಳಿಂದ ಆರು ಅಡಿ ದೂರದಿಂದ ಗಟ್ಟಿಯಾಗಿ ಓದಿಸಿ. ಅವರು ತೊದಲಿದಲ್ಲಿ ತಪ್ಪಿದೆ ಎಂದೇ ಅರ್ಥ. ಕೆತ್ತಿದ ಮೇಲೆ ಬಣ್ಣ ತುಂಬಿಸಬೇಡಿ. ಹೊಳಪಿನ ಕಪ್ಪಿನಲ್ಲಿ ಮರಳು ಹೊಡೆದ ಅಕ್ಷರ ತಾನೇ ಬೂದುಬಿಳಿಯಾಗಿ ಕಾಣುತ್ತದೆ. ಚಿನ್ನದ ಬಣ್ಣ ಕೆಲವೇ ವರ್ಷಕ್ಕೆ ಸಿಪ್ಪೆ ಏಳುತ್ತದೆ. ಕ್ಯೂಆರ್ ಕೋಡನ್ನು ಕಲ್ಲಿಗೆ ಕೆತ್ತಿಸಬೇಡಿ. ಅದು ತೋರಿಸುವ ವಿಳಾಸ ನಾಳೆ ಬದಲಾಗಬಹುದು. ಪಕ್ಕದಲ್ಲಿ ಬಿಚ್ಚಿ ಬದಲಿಸಬಹುದಾದ ಸಣ್ಣ ಸ್ಟೀಲ್ ತಗಡು ಸಾಕು.

ಜಾಗ ನೋಡುವಾಗ ಮಣ್ಣು ನೋಡಿ. ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಒಂದು ಅಡಿ ತೋಡಿ ಕಾಂಕ್ರೀಟ್ ಹಾಕಿದ ಪೀಠ ಮೂರನೇ ವರ್ಷಕ್ಕೆ ವಾಲುತ್ತದೆ. ಎರೆ ಮುಗಿದು ಗೊರಚು ಸಿಗುವವರೆಗೆ ತೋಡಿ, ಅದು ತೀರಾ ಆಳವಿದ್ದರೆ ಕನಿಷ್ಠ ಮೂರು ಅಡಿ ಎರೆ ತೆಗೆದು ಮೊರಂ ತುಂಬಿ ದಮ್ಮಸ್ಸು ಮಾಡಿ ಪೀಠ ಎಬ್ಬಿಸಿ. ಹಳೆಯ ಕೋಟೆ ಗೋಡೆಗೆ, ದೇವಸ್ಥಾನದ ಗೋಡೆಗೆ ಮೊಳೆ ಹೊಡೆಯುವ ಯೋಚನೆಯೇ ಬೇಡ. ಹರಿಹರೇಶ್ವರ ದೇವಸ್ಥಾನದಂಥ ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರ್‌ವರೆಗೆ ಹೊಸ ಕಟ್ಟಡಕ್ಕೆ ನಿಷೇಧ, ಅದರಾಚೆಯ 200 ಮೀಟರ್ ಅನುಮತಿ ಬೇಕಾದ ವಲಯ. ಮೊದಲು ಕಾಗದ ಪಡೆಯಿರಿ, ಆಮೇಲೆ ಗುಂಡಿ ತೋಡಿ. ಹರಿಹರದ ಕಲ್ಲು ಹೊಳೆಗೆ ಇಳಿಯುವ ದಾರಿಯಲ್ಲಿ, ಪ್ರವಾಹದ ಗುರುತಿಗಿಂತ ಮೇಲೆ, ಆಚೆಯ ರಾಣೆಬೆನ್ನೂರು ಕಡೆಯ ದಡ ಕಾಣುವಂತೆ ನಿಲ್ಲಲಿ. ಓದಿ ತಲೆ ಎತ್ತಿದವರಿಗೆ ಸೈನ್ಯ ದಾಟಿದ ನೀರೇ ಎದುರಿಗಿರಬೇಕು. ಚನ್ನಗಿರಿಯಲ್ಲಿ ಬೆಟ್ಟದ ಕೋಟೆಗೆ ಹತ್ತುವ ದಾರಿಯ ಬುಡ ಒಳ್ಳೆಯ ಜಾಗ. ಮೇಲಕ್ಕೆ ಸಾಗಿಸುವ ಕಷ್ಟವಿಲ್ಲ, ಬೆಟ್ಟ ಹತ್ತಲಾಗದವರೂ ಓದಬಹುದು.

ಚನ್ನಗಿರಿಯ ಕಲ್ಲಿಗೆ ನಮ್ಮ ಒಕ್ಕಣೆ ಇದು:

"ಧೋಂಡಿಯಾ ವಾಘ್ (ಮರಣ: 10 ಸೆಪ್ಟೆಂಬರ್ 1800). ಚನ್ನಗಿರಿಯಲ್ಲಿ ಹುಟ್ಟಿ ಹೈದರಾಲಿಯ ಕುದುರೆ ದಂಡು ಸೇರಿದ ಸೈನಿಕ. ಮೂರನೇ ಮೈಸೂರು ಯುದ್ಧದ ಹೊತ್ತಿಗೆ ದಂಡು ಬಿಟ್ಟು ಸವಣೂರು, ಹಾವೇರಿ ಸೀಮೆಯಲ್ಲಿ ಸ್ವಂತ ಪಡೆ ಕಟ್ಟಿದ. 1794ರಲ್ಲಿ ಟಿಪ್ಪು ಸುಲ್ತಾನನ ಬಳಿಗೆ ಮರಳಿ ಸೆರೆಯಾದ. ಇಸ್ಲಾಂ ಸೇರಿ ಮಲಿಕ್ ಜಹಾನ್ ಖಾನ್ ಎನಿಸಿಕೊಂಡ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಕೆಲಸ ಕಳೆದುಕೊಂಡ ಸೈನಿಕರನ್ನು ಕೂಡಿಸಿ ಬಿದನೂರು, ಶಿಕಾರಿಪುರ ಸೀಮೆ ಹಿಡಿದ. ಮರುವರ್ಷ ಕರ್ನಲ್ ಆರ್ಥರ್ ವೆಲ್ಲೆಸ್ಲಿಯ ಕುದುರೆ ದಂಡಿನೊಡನೆ ಕಾದಿ ರಾಯಚೂರು ಸೀಮೆಯ ಕೋಣಗಲ್ಲಿನಲ್ಲಿ ಮಡಿದ."

ಎಣಿಸಿ ನೋಡಿದರೆ ಇದು ಮೇಲಿನ ಅಳತೆಯೊಳಗೆ ಕೂರುತ್ತದೆ. ಒಂದು ಪದ ಸೇರಿಸಬೇಕೆನಿಸಿದರೆ ಒಂದು ಪದ ತೆಗೆಯಬೇಕು. ಹರಿಹರದ ಕಲ್ಲಿಗೆ ಜೂನ್ ತಿಂಗಳ ಹೊಳೆ, ಹರಿಗೋಲು, ಬಂಜಾರರ ಎತ್ತು, ಜೂನ್ 27ರ ರಾಣೆಬೆನ್ನೂರು ಇಷ್ಟು ಬಂದರೆ ಸಾಕು. ಧೋಂಡಿಯಾನ ಪೂರ್ತಿ ಬದುಕನ್ನು ಅಲ್ಲಿ ಮತ್ತೆ ಬರೆಯಬೇಕಿಲ್ಲ.

ವರ್ಷಕ್ಕೊಮ್ಮೆ ಸೆಪ್ಟೆಂಬರ್ 10ರಂದು ಚನ್ನಗಿರಿಯ ಯಾವುದಾದರೂ ಸರ್ಕಾರಿ ಕಾಲೇಜಿನಲ್ಲಿ ಒಂದು ಗಂಟೆಯ ಉಪನ್ಯಾಸ ಇಡಿಸಿ. ಮೆರವಣಿಗೆ ಬೇಡ. ಒಂದು ವರ್ಷ ಕುದುರೆ ದಂಡಿನ ಸಂಬಳದ ಪದ್ಧತಿ, ಇನ್ನೊಂದು ವರ್ಷ ಹೊಳೆ ದಾಟುವ ತಂತ್ರ, ಮತ್ತೊಂದು ವರ್ಷ ಮೋಡಿ ಕಾಗದಗಳು ಎಂದು ವಿಷಯ ಬದಲಾಗಲಿ. ಶಿಕಾರಿಪುರ, ರಾಣೆಬೆನ್ನೂರು, ಕೋಣಗಲ್ಲು ಬೇರೆ ಜಿಲ್ಲೆಗಳಲ್ಲಿರುವುದರಿಂದ ಶಿವಮೊಗ್ಗ, ಹಾವೇರಿ, ರಾಯಚೂರು ಜಿಲ್ಲಾಡಳಿತಗಳಿಗೂ ತಾವು ಒಂದು ಪತ್ರ ಬರೆದರೆ ಒಂದೇ ಅಳತೆಯ, ಒಂದೇ ಬರಹದ ಕ್ರಮದ ಕಲ್ಲುಗಳು ಅವನ ದಾರಿಯುದ್ದಕ್ಕೂ ನಿಲ್ಲುತ್ತವೆ.

ಕೆಲಸದ ಕ್ರಮ ಹೀಗಿರಲಿ: ಮೊದಲು ಚನ್ನಗಿರಿಯ ಒಕ್ಕಣೆಯನ್ನು ಇಬ್ಬರು ಇತಿಹಾಸ ಪ್ರಾಧ್ಯಾಪಕರಿಂದ ಲಿಖಿತವಾಗಿ ಒಪ್ಪಿಗೆ ಪಡೆದು, ತಾಲ್ಲೂಕು ಕಚೇರಿಯ ಫಲಕದಲ್ಲಿ ಒಂದು ತಿಂಗಳು ಅಂಟಿಸಿ, ಆಕ್ಷೇಪಣೆ ಇದ್ದವರು ಆಧಾರ ಸಹಿತ ಬರೆದುಕೊಡಲಿ. ಮಳೆಗಾಲಕ್ಕೆ ಮುಂಚೆ, ಎರೆ ನೆಲ ಒಣಗಿರುವಾಗಲೇ ಹರಿಹರದ ಪೀಠದ ಗುಂಡಿ ತೋಡಿಸಿ. ಹೊನ್ನಾಳಿಯ ಒಕ್ಕಣೆಗೆ ಬೇಕಾದ ಊರುಗಳ ತಾಳೆಪಟ್ಟಿಯನ್ನು ನಾವು ಬರೆದು ತಮ್ಮ ಕಚೇರಿಗೆ ಒಪ್ಪಿಸುತ್ತೇವೆ.

ತಮ್ಮ ವಿಶ್ವಾಸಿಗಳು,
ಚನ್ನಗಿರಿ, ಹೊನ್ನಾಳಿ, ಹರಿಹರ ತಾಲ್ಲೂಕುಗಳ ಇತಿಹಾಸಾಸಕ್ತರು